ಅಕ್ವೇರಿಯಂ ಸ್ಟ್ಯಾಂಡಿಗೆ ಪಾಲಿಶ್ ಹೊಡೆಸುವ ಮುನ್ನ ಏರ್ ಪಂಪ್ ಎಲ್ಲಿದೆ ನೋಡಿ

ಪ್ರಶ್ನೆ: ನಮ್ಮ ಹಾಲ್‌ನಲ್ಲಿ 3 ಅಡಿ ಉದ್ದದ ಮೀನಿನ ತೊಟ್ಟಿ ಇದೆ. ಅದನ್ನು ಇಟ್ಟಿರುವ ಪ್ಲೈವುಡ್ ಕಪಾಟು ಆರು ವರ್ಷ ಹಳೆಯದು. ನೀರು ಬಿದ್ದೂ ಬಿದ್ದೂ ಅಂಚು ಉಬ್ಬಿದೆ, ಪಾಲಿಶ್ ಎದ್ದು ಬಂದಿದೆ. ದೀಪಾವಳಿಗೆ ಮೊದಲು ಸರಿ ಮಾಡಿಸಿ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಸೋಣ ಅಂತಿದ್ದೇವೆ. ತೊಟ್ಟಿ ಎತ್ತೋದೇನೂ ಬೇಡ, ಮೇಲೆ ಪ್ಲಾಸ್ಟಿಕ್ ಶೀಟ್ ಮುಚ್ಚಿದರೆ ಸಾಕು, ಎರಡೇ ದಿನದ ಕೆಲಸ ಅಂತ ಬಡಗಿ ಹೇಳುತ್ತಿದ್ದಾರೆ. ಗಪ್ಪಿ, ಮೋಲಿ, ನಾಲ್ಕು ಕೋರಿಡೋರಸ್ (ಕೋರಿ) ಇವೆ. ಮಗಳು ಐದು ವರ್ಷದಿಂದ ಸಾಕಿರುವ ಒಂದು ಗೌರಾಮಿಯೂ ಇದೆ. ಬಡಗಿ ಹೇಳಿದ ಹಾಗೆ ಮಾಡಬಹುದೇ?

ಉತ್ತರ: ಬೇಡ. ದಯವಿಟ್ಟು ಹಾಗೆ ಮಾಡಬೇಡಿ.

ಪ್ಲಾಸ್ಟಿಕ್ ಶೀಟ್ ತಡೆಯೋದು ಧೂಳು ಮತ್ತು ಹನಿ. ಥಿನ್ನರ್ ವಾಸನೆ ಅದರಿಂದ ನಿಲ್ಲೋದಿಲ್ಲ. ಅಷ್ಟೇ ಅಲ್ಲ, ವಾಸನೆ ನೀರಿಗೆ ಇಳಿಯೋದು ಬಹುತೇಕ ಮೇಲಿನಿಂದ ಅಲ್ಲವೇ ಅಲ್ಲ. ನಿಮ್ಮ ಏರ್ ಪಂಪ್ ಎಲ್ಲಿದೆ ಅಂತ ಒಮ್ಮೆ ನೋಡಿ. ನಾನು ಕಂಡ ಮನೆಗಳಲ್ಲಿ ಹೆಚ್ಚಿನವರು ಅದನ್ನು ಇಡೋದು ತೊಟ್ಟಿಯ ಕೆಳಗೆ, ಕಪಾಟಿನ ಒಳಗೆ. ಸದ್ದು ಕೇಳಬಾರದು, ವಯರು ಕಾಣಬಾರದು ಅಂತ. ಈಗ ಪಾಲಿಶ್ ಹೊಡೆಯಲು ಹೊರಟಿರೋದು ಅದೇ ಕಪಾಟಿಗೆ.

ಸ್ವಲ್ಪ ಲೆಕ್ಕ ಹಾಕಿ. ನಿಮ್ಮ ಕಪಾಟು 3 ಅಡಿ ಉದ್ದ, 1 ಅಡಿ ಆಳ, ಎರಡೂವರೆ ಅಡಿ ಎತ್ತರ ಇದೆ ಅಂದುಕೊಳ್ಳೋಣ. ಒಳಗೆ ಹಿಡಿಯೋದು ಸುಮಾರು 210 ಲೀಟರ್ ಗಾಳಿ. ಸಣ್ಣ ಏರ್ ಪಂಪ್ ಕೂಡ ನಿಮಿಷಕ್ಕೆ 2 ಲೀಟರ್ ಗಾಳಿ ಎಳೆದು ನೀರಿಗೆ ಊದುತ್ತದೆ. ಅಂದರೆ ಎರಡು ಗಂಟೆ ತುಂಬುವ ಮೊದಲೇ ಆ ಕಪಾಟು ಹಿಡಿಯುವಷ್ಟು ಗಾಳಿ ಗುಳ್ಳೆಗುಳ್ಳೆಯಾಗಿ ನಿಮ್ಮ ಮೀನುಗಳ ಮಧ್ಯೆ ಹಾದು ಹೋಗಿರುತ್ತದೆ. ದಿನಕ್ಕೆ 2,880 ಲೀಟರ್. ತೊಟ್ಟಿಯಲ್ಲಿ ಇರೋದು 120 ಲೀಟರ್ ಆಸುಪಾಸಿನ ನೀರು ಮಾತ್ರ. ಗುಳ್ಳೆ ಸಣ್ಣದಾದಷ್ಟೂ ಅದರಲ್ಲಿರುವುದು ನೀರಿಗೆ ಬೇಗ ಇಳಿಯುತ್ತದೆ. ಆಮ್ಲಜನಕ ಕರಗಲಿ ಅಂತ ನಾವು ಟ್ಯೂಬಿನ ತುದಿಗೆ ಹಾಕುವ ಏರ್ ಸ್ಟೋನ್ ಥಿನ್ನರ್ ಆವಿಯನ್ನೂ ಅಷ್ಟೇ ಚೆನ್ನಾಗಿ ಕರಗಿಸುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಮನೆಯಿಂದ ಬೆಳಿಗ್ಗೆ ಬೆಳಿಗ್ಗೆ ಫೋನ್ ಬಂತು. ರಾತ್ರಿಯಿಂದ ಮೀನುಗಳು ಸಾಯ್ತಿವೆ, ಬೇಗ ಬನ್ನಿ ಅಂದರು. ಹೋಗಿ ನೋಡಿದರೆ ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು. ಪಾಲಿಶ್‌ನವರು ತೊಟ್ಟಿಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಸುತ್ತಲೂ ಟೇಪ್ ಹಾಕಿ, ಬಹಳ ಜೋಪಾನವಾಗಿ ಕೆಲಸ ಮಾಡಿದ್ದರು. ಒಂದು ಹನಿಯೂ ನೀರಿಗೆ ಬಿದ್ದಿರಲಿಲ್ಲ. ಕಪಾಟಿನ ಬಾಗಿಲು ತೆಗೆದೆ. ಹೊಸ ಪಾಲಿಶ್‌ನಿಂದ ಹೊಳೆಯುತ್ತಿದ್ದ ಒಳಗಿನ ಹಲಗೆಯ ಮೇಲೆ ಏರ್ ಪಂಪ್ ಗುಂಯ್ ಅಂತ ಓಡುತ್ತಿತ್ತು. ಪಾಲಿಶ್ ಮಾಡುವಾಗ ಅದನ್ನು ತೆಗೆದು, ಕೆಲಸ ಮುಗಿದ ಮೇಲೆ ಮತ್ತೆ ಅದೇ ಜಾಗದಲ್ಲಿ ಇಟ್ಟು, ಬಾಗಿಲು ಮುಚ್ಚಿದ್ದರು. ನೀರಿನಿಂದ ಟ್ಯೂಬ್ ಹೊರಗೆಳೆದು, ಏರ್ ಸ್ಟೋನ್ ಕಿತ್ತು, ತುದಿಯನ್ನು ಮೂಗಿನ ಹತ್ತಿರ ಹಿಡಿದೆ. ಥಿನ್ನರ್ ಡಬ್ಬದ ಮುಚ್ಚಳ ತೆಗೆದಾಗ ಬರುವ ವಾಸನೆಯೇ ಬಂತು. ಕೋರಿಗಳು ತಳದಲ್ಲಿ ಮಗುಚಿಕೊಂಡಿದ್ದವು. ಬದುಕಿದ್ದ ಎರಡು ಏಂಜೆಲ್ ಮೀನು ಮೇಲೆ ಬಾಯಿ ತೆರೆದುಕೊಂಡು ವಾಲಾಡುತ್ತಿದ್ದವು. ಒಂದು ಉಳಿಯಿತು.

ಆವತ್ತಿನಿಂದ ಯಾರು ಮನೆ ಪೇಂಟಿಂಗ್, ಪಾಲಿಶ್ ಅಂದರೂ ಮೊದಲು ಈ ಪರೀಕ್ಷೆ ಹೇಳುತ್ತೇನೆ. ಟ್ಯೂಬಿನ ತುದಿಯನ್ನು ನೀರಿನಿಂದ ಹೊರಗೆ ತೆಗೆದು ಮೂಸಿ. ನಿಮಗೆ ವಾಸನೆ ಬಂದರೆ ಮೀನು ಅದನ್ನೇ ಕುಡಿಯುತ್ತಿದೆ. ಒಂದು ಎಚ್ಚರಿಕೆ. ಪೇಂಟ್ ಆಗುತ್ತಿರುವ ಮನೆಯಲ್ಲೇ ಕೂತಿರುವವರ ಮೂಗು ಹತ್ತು ಹದಿನೈದು ನಿಮಿಷದಲ್ಲಿ ಒಗ್ಗಿಹೋಗುತ್ತದೆ, ಏನೂ ವಾಸನೆಯಿಲ್ಲ ಅನ್ನಿಸುತ್ತದೆ. ಹೊರಗೆ ಒಂದು ಸುತ್ತು ಹೋಗಿ ಬಂದು ಮೂಸಿ, ಇಲ್ಲವೇ ಪಕ್ಕದ ಮನೆಯವರನ್ನು ಕರೆದು ಕೇಳಿ.

ಮೀನಿಗೆ ಇಷ್ಟು ಬೇಗ ಯಾಕೆ ತಾಗುತ್ತದೆ? ಕಿವಿರಿನ ಪೊರೆ ಬಹಳ ತೆಳು. ಒಂದು ಕಡೆ ನೀರು, ಇನ್ನೊಂದು ಕಡೆ ರಕ್ತ, ನಡುವೆ ಹೆಚ್ಚೇನೂ ಇಲ್ಲ. ನೀರಿನಲ್ಲಿ ಕರಗಿದ್ದು ನೇರ ರಕ್ತಕ್ಕೆ ಹೋಗುತ್ತದೆ. ನಮಗೆ ತಲೆ ನೋವು ಬಂದರೆ ವರಾಂಡಕ್ಕೆ ಹೋಗಿ ನಿಲ್ಲಬಹುದು. ಮೀನು ಎಲ್ಲಿಗೆ ಹೋಗಬೇಕು? ಎಲ್ಲ ಹೊತ್ತೂ ಅದೇ ನೀರಿನಲ್ಲಿ ಇರಬೇಕು. ಥಿನ್ನರ್‌ನಲ್ಲಿರುವ ಅಸಿಟೋನ್, ಫ್ರೆಂಚ್ ಪಾಲಿಶ್‌ನಲ್ಲಿರುವ ಸ್ಪಿರಿಟ್ ನೀರಿನಲ್ಲಿ ಸಲೀಸಾಗಿ ಬೆರೆಯುತ್ತವೆ. ಥಿನ್ನರ್‌ನಲ್ಲೇ ಇರುವ ಇನ್ನೊಂದು ಸಾಲ್ವೆಂಟ್ (ದ್ರಾವಕ) ಟಾಲ್ವೀನ್ ಅಷ್ಟು ಕರಗೋದಿಲ್ಲ. ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ ಅರ್ಧ ಗ್ರಾಂ. ಆದರೆ ಅದರ ಒಂದು ಸಣ್ಣ ಪಾಲನ್ನೂ ಮೀನು ತಡೆಯಲಾರದು. ಕರಗದೆ ಉಳಿದ ಎಣ್ಣೆಯಂಥದ್ದು ನೀರಿನ ಮೇಲೆ ತೆಳ್ಳಗೆ ಹರಡಿಕೊಂಡು, ಗಾಳಿ ಒಳಗೆ ಇಳಿಯೋದಕ್ಕೂ ಅಡ್ಡಿಯಾಗುತ್ತದೆ.

ನಿಮ್ಮ ಗೌರಾಮಿಯ ಬಗ್ಗೆ ಬೇರೆಯೇ ಹೇಳಬೇಕು. ಗೌರಾಮಿ, ಬೆಟ್ಟಾ ಥರದ ಮೀನುಗಳಿಗೆ ಕಿವಿರಿನ ಜೊತೆ ಲ್ಯಾಬಿರಿಂತ್ ಅನ್ನುವ ಇನ್ನೊಂದು ಉಸಿರಾಟದ ಅಂಗ ಇದೆ. ಅವು ಆಗಾಗ ಮೇಲೆ ಬಂದು ಬಾಯಿಂದ ಗಾಳಿ ನುಂಗಿ ಹೋಗುತ್ತವೆ. ಕೋರಿಗಳೂ ಆಗೊಮ್ಮೆ ಈಗೊಮ್ಮೆ ಸರ‍್ರನೆ ಮೇಲೆ ಹೋಗಿ ಗಾಳಿ ನುಂಗುತ್ತವೆ, ನೀವು ನೋಡಿರುತ್ತೀರಿ. ನೀರು ಮತ್ತು ಮುಚ್ಚಳದ ನಡುವಿನ ಎರಡು ಇಂಚು ಜಾಗದಲ್ಲಿ ಥಿನ್ನರ್ ಆವಿ ನಿಂತಿದ್ದರೆ, ಈ ಮೀನುಗಳಿಗೆ ಎರಡೂ ಕಡೆಯಿಂದ ಹೊಡೆತ.

ಈಗ ಪಾಲಿಶ್ ವಿಷಯಕ್ಕೆ ಬರೋಣ. ಎರಡು ದಿನದ ಕೆಲಸ ಅಂತ ಬಡಗಿ ಹೇಳಿದ್ದು ಸುಳ್ಳಲ್ಲ. ಅವರ ಕೆಲಸ ಎರಡು ದಿನಕ್ಕೆ ಮುಗಿಯುತ್ತದೆ. ಪಾಲಿಶ್‌ನ ಕೆಲಸ ಮುಗಿದಿರೋದಿಲ್ಲ. ಕೈಗೆ ಅಂಟದ ಹಾಗೆ ಒಣಗೋದು ಬೇರೆ, ಒಳಗಿನವರೆಗೂ ಗಟ್ಟಿಯಾಗೋದು ಬೇರೆ. ಪಿಯು ಒಂದೆರಡು ಗಂಟೆಯಲ್ಲೇ ಮುಟ್ಟುವ ಹಾಗಾಗುತ್ತದೆ, ಪೂರ್ತಿ ಪಕ್ವ ಆಗಲು ಕನಿಷ್ಠ ಒಂದು ವಾರ ಬೇಕು. ಎನಾಮಲ್ ಪೇಂಟ್ ಆದರೆ ಎರಡು ಮೂರು ವಾರ ಇಟ್ಟುಕೊಳ್ಳಿ. ಅಷ್ಟು ದಿನವೂ ಅದು ಸ್ವಲ್ಪ ಸ್ವಲ್ಪ ಆವಿ ಬಿಡುತ್ತಲೇ ಇರುತ್ತದೆ. ಬಾಗಿಲು ಮುಚ್ಚಿದ ಕಪಾಟಿನ ಒಳಗಂತೂ ಇನ್ನೂ ನಿಧಾನ. ದೀಪಾವಳಿಯ ಮುಂಚಿನ ದಿನಗಳಲ್ಲಿ ಹಿಂಗಾರು ಮಳೆ ಹಿಡಿದುಕೊಂಡರೆ ಮತ್ತೂ ತಡ.

ಪಿಯು ಎರಡು ಭಾಗದ್ದಾದರೆ, ಗಟ್ಟಿಯಾಗಲು ಬೆರೆಸುವ ಹಾರ್ಡನರ್‌ನಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡುವಾಗ ಅದು ಮನುಷ್ಯರ ಶ್ವಾಸಕೋಶಕ್ಕೇ ಕೆಟ್ಟದ್ದು, ಅಸ್ತಮಾ ತರಿಸುತ್ತದೆ. ಕೆಲಸ ಮಾಡುವವರು ಬರೀ ಕರ್ಚೀಫ್ ಕಟ್ಟಿಕೊಂಡರೆ ಸಾಲದು. ಐಸೋಸಯನೇಟ್ ತಡೆಯಲೆಂದೇ ಮಾಡಿದ ಮಾಸ್ಕ್ ಬೇಕು. ಮಗಳನ್ನೂ ಆ ಹೊತ್ತಿನಲ್ಲಿ ಮನೆಯಿಂದ ಹೊರಗೇ ಇರಿಸಿ. ನಿಮ್ಮ ಸ್ಟ್ಯಾಂಡಿಗೆ ನನ್ನ ಸಲಹೆ ಕೇಳಿದರೆ ನೀರಿನ ಪಿಯು (ಥಿನ್ನರ್ ಬದಲು ನೀರು ಬೆರೆಸುವಂಥದ್ದು), ಬ್ರಷ್‌ನಲ್ಲಿ, ತೆಳುವಾಗಿ ಮೂರು ಕೋಟ್. ಹೊಳಪು ಸ್ವಲ್ಪ ಕಡಿಮೆ ಇರಬಹುದು, ಆದರೆ ನೀರಿನ ಹನಿ ತಡೆಯಲು ಸಾಕು. ನೀರಿನದು ಅಂದ ಮಾತ್ರಕ್ಕೆ ಪೂರ್ತಿ ನಿರಪಾಯ ಅಂದುಕೊಳ್ಳಬೇಡಿ. ಅದರಲ್ಲೂ ಗ್ಲೈಕಾಲ್ ಈಥರ್, ಕೆಲವದರಲ್ಲಿ ಅಮೋನಿಯಾ ಇರುತ್ತದೆ. ಅಮೋನಿಯಾ ನೀರು ಕಂಡರೆ ಸಾಕು, ಒಳಗೆ ಇಳಿದುಬಿಡುತ್ತದೆ. ಥಿನ್ನರ್‌ಗಿಂತ ಅಪಾಯ ಬಹಳ ಕಡಿಮೆ, ಆದರೆ ಮೀನು ಆ ಕೋಣೆಯಲ್ಲಿ ಇರದಿದ್ದರೇ ಒಳ್ಳೆಯದು.

ಪೇಂಟ್ ಬೇಡ, ಮೈಕಾ ಅಂಟಿಸೋಣ, ಆಗ ವಾಸನೆಯೇ ಇರಲ್ಲ ಅಂತ ಕೆಲವರು ಹೇಳುತ್ತಾರೆ. ಮೈಕಾಕ್ಕೆ ಹಾಕುವ ಹಳದಿ ರಬ್ಬರ್ ಅಂಟಿನ ಡಬ್ಬ ತೆಗೆದು ನೋಡಿ. ಅದರಲ್ಲಿ ಸಾಮಾನ್ಯವಾಗಿ ಇರೋದು ಟಾಲ್ವೀನ್ ಥರದ ಸಾಲ್ವೆಂಟೇ. ಬಿಳಿ ಅಂಟು ನೀರಿನದು, ಅದನ್ನೇ ಹಚ್ಚಿ ಭಾರ ಹೇರಿ ಒಂದು ದಿನ ಬಿಟ್ಟರೆ ಚೆನ್ನಾಗಿ ಹಿಡಿಯುತ್ತದೆ. ಸ್ವಲ್ಪ ತಾಳ್ಮೆ ಬೇಕು ಅಷ್ಟೇ.

ಪಾಲಿಶ್‌ಗಿಂತಲೂ ನನಗೆ ಜಾಸ್ತಿ ಭಯ ಇರೋದು ಇನ್ನೊಂದರ ಮೇಲೆ. ಗೆದ್ದಲು ಔಷಧಿ. ಹಲಗೆ ಬದಲಿಸುವಾಗ ಬಡಗಿಗಳು ಕೇಳದೇ ಒಂದು ಕೈ ಗೆದ್ದಲು ಎಣ್ಣೆ ಬಳಿದುಬಿಡುತ್ತಾರೆ. ಅವರ ಪಾಲಿಗೆ ಅದು ಒಳ್ಳೆಯ ಕೆಲಸ, ಮರ ಬಾಳುತ್ತದೆ. ಆದರೆ ಇಂಥ ಔಷಧಿಗಳಲ್ಲಿ ಹೆಚ್ಚಾಗಿ ಕ್ಲೋರ್‌ಪೈರಿಫಾಸ್ ಅಥವಾ ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ ಇರುತ್ತದೆ. ಎರಡೂ ಮೀನಿಗೆ ಭಯಂಕರ ವಿಷ. ಸೀಗಡಿ ಸಾಕಿದ್ದರೆ ಇನ್ನೂ ಕಡಿಮೆ ಪ್ರಮಾಣಕ್ಕೇ ಸಾಯುತ್ತವೆ. ಥಿನ್ನರ್ ಆದರೆ ಹಾರಿ ಹೋಗುತ್ತದೆ. ಇದು ಮರದಲ್ಲೇ ಕೂತಿರುತ್ತದೆ. ಮುಂದೆ ಯಾವತ್ತೋ ನೀರು ಬದಲಿಸುವಾಗ ಒದ್ದೆ ಕೈಯಲ್ಲಿ ಹಲಗೆ ಮುಟ್ಟಿ, ಅದೇ ಕೈಯನ್ನು ತೊಟ್ಟಿಗೆ ಹಾಕುತ್ತೇವೆ. ಅದಕ್ಕೇ ಕೆಲಸ ಶುರುವಾಗುವ ಮೊದಲೇ ಬಡಗಿಗೆ ಬಾಯಿಬಿಟ್ಟು ಹೇಳಿ, ಈ ಸ್ಟ್ಯಾಂಡಿಗೆ ಗೆದ್ದಲು ಔಷಧಿ ಬೇಡ ಅಂತ. ಹಾಗೇ ಹೊರಗೋಡೆಗೆ ಹೊಡೆಯುವ ಎಮಲ್ಷನ್ ಉಳಿದಿದೆ, ಅದನ್ನೇ ಬಳಿಯೋಣ ಅಂದರೂ ಬೇಡ ಅನ್ನಿ. ಅದಕ್ಕೆ ಪಾಚಿ, ಬೂಸ್ಟು ಹಿಡಿಯದಂತೆ ಔಷಧಿ ಬೆರೆಸಿರುತ್ತಾರೆ.

ಮಾತಿಗೆ ಮಾತು ಬಂತು, ಸೊಳ್ಳೆಗೆ ಹಾಕುವ ಲಿಕ್ವಿಡ್ ಮೆಷಿನ್ ಕೂಡ ಪೈರೆಥ್ರಾಯ್ಡೇ. ಫಿಲ್ಟರ್ ಹಾಕಿರುವ ಎಕ್ಸ್‌ಟೆನ್ಷನ್ ಬೋರ್ಡಿಗೇ, ಏರ್ ಪಂಪ್ ಪಕ್ಕದಲ್ಲೇ ಅದನ್ನೂ ಚುಚ್ಚಿರುವ ಮನೆಗಳನ್ನು ನೋಡಿದ್ದೇನೆ. ನಿಮ್ಮಲ್ಲೂ ಹಾಗಿದ್ದರೆ ಇವತ್ತೇ ಬೇರೆ ಕೋಣೆಗೆ ಸಾಗಿಸಿ.

ಹಾಗಾದರೆ ಏನು ಮಾಡಬೇಕು? ನಿಮ್ಮ ತೊಟ್ಟಿ ಎತ್ತಲಾಗದಷ್ಟು ದೊಡ್ಡದಲ್ಲ. ಮೀನು, ತೊಟ್ಟಿ ಎರಡನ್ನೂ ಇಳಿಸಿ, ಸ್ಟ್ಯಾಂಡನ್ನು ಟೆರೇಸಿಗೋ ಗ್ಯಾರೇಜಿಗೋ ಸಾಗಿಸಿ ಅಲ್ಲೇ ಕೆಲಸ ಮಾಡಿಸಿ. ಹೆಚ್ಚು ಕಷ್ಟ ಅನ್ನಿಸಬಹುದು, ಆದರೆ ಇದರಲ್ಲಿ ಒಂದು ಬೆಳಗಿನ ಶ್ರಮ ಬಿಟ್ಟರೆ ಬೇರೇನೂ ಇಲ್ಲ.

ಹಿಂದಿನ ದಿನ ಮೀನಿಗೆ ಊಟ ಹಾಕಬೇಡಿ. ದೂರದ ಕೋಣೆಯಲ್ಲಿ, ಬಾಗಿಲು ಹಾಕಿಡಬಹುದಾದ ಕಡೆ, ಆಹಾರ ತುಂಬಿಡುವಂಥ 80-100 ಲೀಟರ್ ಪ್ಲಾಸ್ಟಿಕ್ ಡ್ರಮ್ಮೋ ದೊಡ್ಡ ಟಬ್ಬೋ ಇಡಿ. ಸೋಪು ಹಾಕಿ ತೊಳೆದ ಬಕೆಟ್ ಬೇಡ. ತೊಟ್ಟಿಯ ಹಳೇ ನೀರನ್ನೇ ತುಂಬಿಸಿ. ಫಿಲ್ಟರನ್ನು ಬಿಚ್ಚಿ ತೊಳೆಯಬೇಡಿ, ಹಾಗೇ ಎತ್ತಿ ಡ್ರಮ್ಮಿಗೆ ಹಾಕಿ ತಕ್ಷಣ ಚಾಲೂ ಮಾಡಿ. ಮೀನಿನ ಕೊಳೆಯಿಂದ ಆಗುವ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಆ ಸ್ಪಂಜಿನಲ್ಲೇ ಮನೆ ಮಾಡಿಕೊಂಡಿರುತ್ತವೆ. ನೀರಿನ ಓಡಾಟ ಹೆಚ್ಚು ಹೊತ್ತು ನಿಂತರೆ ಅವಕ್ಕೆ ತೊಂದರೆ. ಡ್ರಮ್ಮಿನ ಮೇಲೆ ಬಲೆ ಕಟ್ಟಿ, ಹೊಸ ಜಾಗದಲ್ಲಿ ಗೌರಾಮಿ, ಮೋಲಿ ನೆಗೆಯುತ್ತವೆ. ಏರ್ ಪಂಪ್ ಅದೇ ಕೋಣೆಯಲ್ಲಿ, ಕಿಟಕಿ ಹತ್ತಿರ, ನೀರಿನ ಮಟ್ಟಕ್ಕಿಂತ ಮೇಲೆ ಇರಲಿ. ಡ್ರಮ್ಮಿನಲ್ಲಿ ಮೀನಿಗೆ ಜಾಗ ಕಡಿಮೆ, ಹಾಗಾಗಿ ಊಟ ದಿನಕ್ಕೊಮ್ಮೆ ಚಿಟಿಕೆಯಷ್ಟು, ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಾವಣೆ.

ತೊಟ್ಟಿಯಲ್ಲಿ ನೀರಿರುವಾಗ ಒಂದಿಂಚೂ ಸರಿಸಬೇಡಿ. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ನೀರು, ಕಲ್ಲು, ಗಾಜು ಸೇರಿ 150 ಕೆಜಿ ದಾಟುತ್ತದೆ, ಸಿಲಿಕಾನ್ ಬೆಸುಗೆ ಬಿಟ್ಟುಕೊಳ್ಳುತ್ತದೆ. ಖಾಲಿ ಮಾಡಿ, ಜಲ್ಲಿಯನ್ನು ಟಬ್ಬಿಗೆ ತೆಗೆದು ಮುಳುಗುವಷ್ಟು ನೀರು ಹಾಕಿಡಿ, ಇಬ್ಬರು ತಳಕ್ಕೆ ಕೈ ಕೊಟ್ಟು ಎತ್ತಿ.

ಸ್ಟ್ಯಾಂಡನ್ನು ಉಪ್ಪುಕಾಗದದಿಂದ ಉಜ್ಜುವಾಗ ಒಂದು ಮಾತು. ಅದರ ಮೇಲೆ ಹಳೇ ಎನಾಮಲ್ ಪೇಂಟ್ ಇದ್ದರೆ ಒಣಗಿದ್ದ ಹಾಗೇ ಉಜ್ಜಬೇಡಿ, ನೀರು ಹಾಕಿ ಉಜ್ಜಿಸಿ. ನಮ್ಮ ದೇಶದಲ್ಲಿ ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ದಾಟಬಾರದು ಅನ್ನುವ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಡಬ್ಬದ ಪೇಂಟಿನಲ್ಲಿ ಸೀಸ ಇರಬಹುದು. ಆ ಧೂಳು ಮೀನಿಗೂ ಬೇಡ, ಮಕ್ಕಳಿಗಂತೂ ಬೇಡವೇ ಬೇಡ.

ಉಬ್ಬಿರುವ ಅಂಚನ್ನು ಸುಮ್ನೆ ಉಜ್ಜಿ ಮೇಲೆ ಪಾಲಿಶ್ ಹೊಡೆದರೆ ಮುಂದಿನ ವರ್ಷ ಮತ್ತೆ ಉಬ್ಬುತ್ತದೆ. ಪ್ಲೈ ನೀರು ಕುಡಿಯೋದು ಅಂಚಿನಿಂದ. ಆ ಹಲಗೆಯನ್ನೇ ಬದಲಿಸಿ, ಐಎಸ್ 710 ಗುರುತಿರುವ ಮರೀನ್ ಪ್ಲೈ ಹಾಕಿಸಿ. ಕತ್ತರಿಸಿದ ಪ್ರತಿ ಅಂಚಿಗೂ, ಹಿಂಜ್ ಸ್ಕ್ರೂ ತೂತಿಗೂ ಸೀಲರ್ ಹಚ್ಚಿಸಿ. ಒಳಭಾಗಕ್ಕೆ ಪಾಲಿಶ್ ನಿಜಕ್ಕೂ ಬೇಕಾ ಯೋಚಿಸಿ. ಹಳೆಯದು ಗಟ್ಟಿಯಾಗಿದ್ದರೆ ಹಾಗೇ ಬಿಡಿ.

ಒಣಗಲು ಬಿಟ್ಟಾಗ ಕಪಾಟಿನ ಬಾಗಿಲು ಪೂರ್ತಿ ತೆರೆದಿರಲಿ. ತೊಟ್ಟಿಯನ್ನು ಬೇಗ ಇಡಬೇಡಿ ಅನ್ನೋದಕ್ಕೆ ವಾಸನೆ ಬಿಟ್ಟು ಇನ್ನೊಂದು ಕಾರಣವೂ ಇದೆ. ಗಾಜಿನ ಕೆಳಗೆ ನಾವೆಲ್ಲ ಥರ್ಮಾಕೋಲ್ ಶೀಟ್ ಹಾಕುತ್ತೇವಲ್ಲ, ಥಿನ್ನರ್ ತಾಗಿದರೆ ಅದು ಕರಗುತ್ತದೆ. ಪಕ್ವವಾಗದ ಪಾಲಿಶ್ ಮೇಲೆ ಥರ್ಮಾಕೋಲ್ ಇಟ್ಟು 150 ಕೆಜಿ ಹೇರಿದರೆ ಅಲ್ಲಲ್ಲಿ ಕುಸಿದು ಅಂಟಿಕೊಳ್ಳುತ್ತದೆ, ತಳದ ಗಾಜಿಗೆ ಒಂದೇ ಸಮ ಆಸರೆ ಸಿಗೋದಿಲ್ಲ, ಒಂದು ದಿನ ಬಿರುಕು ಬಿಡುತ್ತದೆ. ಪರೀಕ್ಷೆ ಹೀಗೆ ಮಾಡಿ. ಒಂದು ವಾರದ ಮೇಲೆ ಕಪಾಟಿನ ಬಾಗಿಲು ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ತೆರೆದು ತಕ್ಷಣ ಮೂಗು ಒಳಗಿಡಿ. ವಾಸನೆ ಬಂದರೆ ಇನ್ನೂ ಮೂರು ದಿನ ಬಿಡಿ, ಮತ್ತೆ ನೋಡಿ.

ನಿಮ್ಮ ಹಾಗಲ್ಲದೆ ಗೋಡೆಗೆ ಸೇರಿಸಿ ಕಟ್ಟಿದ ದೊಡ್ಡ ತೊಟ್ಟಿ ಇರುವವರೂ ಇದನ್ನು ಓದುತ್ತಿರಬಹುದು. ಅದನ್ನು ಎತ್ತಲು ಆಗೋದಿಲ್ಲ. ಅವರು ಕಪಾಟಿನ ಬಾಗಿಲುಗಳನ್ನು ಹಿಂಜ್ ಸಮೇತ ಬಿಚ್ಚಿ ಹೊರಗೆ ಪಾಲಿಶ್ ಮಾಡಿಸಲಿ. ಕಣ್ಣಿಗೆ ಕಾಣುವ ಮುಕ್ಕಾಲು ಭಾಗ ಅದೇ ಅಲ್ವಾ. ಉಳಿದ ಚೌಕಟ್ಟಿಗೆ ನೀರಿನ ಪಾಲಿಶ್ ಮಾತ್ರ, ಬ್ರಷ್ ಮಾತ್ರ, ದಿನಕ್ಕೊಂದು ಕೋಟ್, ಬೆಳಿಗ್ಗೆಯೇ. ಏರ್ ಪಂಪನ್ನು ಮಳೆ ಬೀಳದ ಹಾಗೆ ಬಾಲ್ಕನಿಯಲ್ಲಿಟ್ಟು, ಉದ್ದ ಟ್ಯೂಬ್ ಎಳೆದು ತನ್ನಿ. ಪಂಪ್ ಕೆಳಗಿದ್ದರೆ ನಾನ್ ರಿಟರ್ನ್ ವಾಲ್ವ್ ಹಾಕೋದು ಮರೆಯಬೇಡಿ, ಕರೆಂಟ್ ಹೋದಾಗ ನೀರು ಹಿಂದಕ್ಕೆ ಹರಿಯುತ್ತದೆ. ಸೀಲಿಂಗ್ ಫ್ಯಾನ್ ಹಾಕಿದ್ದೇವೆ ಅಂದರೆ ಆಗಲ್ಲ, ಅದು ಇದ್ದ ವಾಸನೆಯನ್ನೇ ತಿರುಗಿಸುತ್ತದೆ. ಒಂದು ಕಿಟಕಿಯಲ್ಲಿ ಟೇಬಲ್ ಫ್ಯಾನನ್ನು ಹೊರಗೆ ಮುಖ ಮಾಡಿ ಇಡಿ, ಎದುರಿನ ಕಿಟಕಿ ತೆರೆಯಿರಿ. ಫಿಲ್ಟರಿನಲ್ಲಿ ಹೊಸ ಆಕ್ಟಿವೇಟೆಡ್ ಕಾರ್ಬನ್ ಇರಲಿ.

ಎಲ್ಲ ಜಾಗ್ರತೆ ಮಾಡಿಯೂ ಮೀನು ಮೇಲೆ ಬಂದು ಬಾಯಿ ಆಡಿಸುತ್ತಿದ್ದರೆ, ಗೋಡೆಗೆ ಡಿಕ್ಕಿ ಹೊಡೆಯುವ ಹಾಗೆ ಓಡುತ್ತಿದ್ದರೆ, ವಾಲಿಕೊಂಡು ಈಜುತ್ತಿದ್ದರೆ ಕಾಯುತ್ತಾ ಕೂರಬೇಡಿ. ಮೊದಲು ಏರ್ ಪಂಪನ್ನು ಒಳ್ಳೆಯ ಗಾಳಿ ಇರುವ ಕಡೆಗೆ ಸಾಗಿಸಿ. ಸುಮ್ನೆ ಆರಿಸಿ ಬಿಡಬೇಡಿ, ಅವುಗಳಿಗೆ ಈಗಲೇ ಆಮ್ಲಜನಕ ಜಾಸ್ತಿ ಬೇಕು. ಅರ್ಧ ನೀರು ತೆಗೆದು, ಅದೇ ಬಿಸಿಯ, ಆಂಟಿ ಕ್ಲೋರಿನ್ ಹಾಕಿದ ಹೊಸ ನೀರು ತುಂಬಿ. ನೀರಿನ ಮೇಲೆ ಎಣ್ಣೆಯಂತೆ ಹೊಳಪು ಕಂಡರೆ, ಟಿಶ್ಯೂ ಕಾಗದವನ್ನು ಮೇಲ್ಮೈಯಲ್ಲಿ ಹಾಸಿ ಮೆಲ್ಲಗೆ ಎಳೆದು ತೆಗೆಯಿರಿ. ಕಾರ್ಬನ್ ಹೊಸದು ಹಾಕಿ. ಅದು ಟಾಲ್ವೀನ್ ಥರದ್ದನ್ನು ಚೆನ್ನಾಗಿ ಹಿಡಿಯುತ್ತದೆ, ಅಸಿಟೋನ್, ಸ್ಪಿರಿಟ್ ಅಷ್ಟಾಗಿ ಹಿಡಿಯೋದಿಲ್ಲ. ಆದ್ದರಿಂದ ನೀರು ಬದಲಿಸೋದೇ ಮುಖ್ಯ, ಸಂಜೆಗೆ ಇನ್ನೊಮ್ಮೆ ಕಾಲು ಭಾಗ. ಎರಡನೇ ದಿನ ಹಳೇ ಕಾರ್ಬನ್ ಎಸೆದು ಮತ್ತೆ ಹೊಸದು. ಉಪ್ಪು, ನೀಲಿ ಔಷಧಿ ಏನೂ ಹಾಕಬೇಡಿ, ಇದು ರೋಗವಲ್ಲ.

ದೀಪಾವಳಿಗೆ ತೊಟ್ಟಿ ಹಾಲ್‌ನಲ್ಲಿ ಇರಲೇಬೇಕು ಅಂದರೆ ಹಬ್ಬಕ್ಕೆ ಮೂರು ವಾರ ಮುಂಚೆ ಕೆಲಸ ಶುರು ಮಾಡಿಸಿ. ಅಷ್ಟು ಸಮಯ ಇಲ್ಲದಿದ್ದರೆ ಈ ಸಲ ಅಂಚಿಗೆ ಒಂದು ಬಟ್ಟೆ ಇಳಿಬಿಟ್ಟು, ಸಂಕ್ರಾಂತಿ ಆದ ಮೇಲೆ ಮಾಡಿಸಿ. ಆಗ ಗಾಳಿ ಒಣಗಿರುತ್ತದೆ, ಪಾಲಿಶ್ ಕೂಡ ಚೆನ್ನಾಗಿ ಕೂರುತ್ತದೆ.

ವಾಪಸ್ ಬಿಡುವಾಗ ತೊಟ್ಟಿಯ ಲೈಟ್ ಆರಿಸಿ, ಡ್ರಮ್ಮಿನ ನೀರನ್ನೇ ಮೊದಲು ತುಂಬಿಸಿ, ಫಿಲ್ಟರ್ ಒಂದು ಗಂಟೆ ಓಡಲಿ. ಗಪ್ಪಿ, ಮೋಲಿಗಳನ್ನು ಮೊದಲು ಬಿಡಿ, ಆಮೇಲೆ ಕೋರಿಗಳು. ಗೌರಾಮಿಯನ್ನು ಕೊನೆಗೆ, ಬಲೆಯಲ್ಲಲ್ಲ, ಒಂದು ಅಗಲ ಪಾತ್ರೆಯಲ್ಲಿ ನೀರಿನ ಸಮೇತ ಎತ್ತಿ ಬಿಡಿ. ಆ ಪಾತ್ರೆಯನ್ನು ಮಗಳ ಕೈಗೇ ಕೊಡಿ.